ಇಷ್ಟದ ಕ್ಷೇತ್ರಕ್ಕೆ ದಾಟೋದು ಹೇಗೆ? ನಂಜನಗೂಡು, ತಿ.ನರಸೀಪುರದಿಂದ ಕೆಲವು ಪಾಠಗಳು

ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ವಿಷಯ ಗೊತ್ತಾಗಿರುತ್ತೆ. ನಾವು ಓದ್ತಿರೋ ಬ್ರಾಂಚ್ ಒಂದು, ಚಿಕ್ಕಂದಿನಿಂದ ನಮಗೆ ಇಷ್ಟವಿರೋ ಕ್ಷೇತ್ರ ಇನ್ನೊಂದು. ಮೆಕ್ಯಾನಿಕಲ್ ಓದುವವಳಿಗೆ ರೇಷ್ಮೆ ಸೀರೆಯ ನೇಯ್ಗೆ ಇಷ್ಟ. ಇ.ಸಿ. ಓದುವವನಿಗೆ ಸಂಗೀತ. ಕಂಪ್ಯೂಟರ್ ಸೈನ್ಸ್‌ನವರಿಗೆ ಕಥೆ, ಪುಸ್ತಕ. ಸಿವಿಲ್‌ನವರಿಗೆ ಊರಲ್ಲಿರೋ ಅಪ್ಪನ ಗದ್ದೆ. ‘ಮೊದಲು ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ನೋಡೋಣ’ ಅಂತ ನಾವೆಲ್ಲ ಹೇಳ್ಕೊಳ್ತೀವಿ. ಆದರೆ ಆ ‘ಆಮೇಲೆ’ ಅನ್ನೋದನ್ನ ಹೇಗೆ ಮಾಡಬೇಕು ಅಂತ ಯಾವ ಸೆಮಿಸ್ಟರ್‌ನಲ್ಲೂ ಪಾಠ ಇಲ್ಲ.

ನಮ್ಮ ಕನ್ನಡ ಸಂಘದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಕಡೆಯಿಂದ ಬಂದವರು ಕೆಲವರಿದ್ದೇವೆ. ಈ ಪಾಠವನ್ನು ನಮ್ಮ ಊರುಗಳಿಂದಲೇ ಕಲಿಯೋಣ ಅಂತ ಕೂತೆವು. ಕಪಿಲೆ ನಂಜನಗೂಡನ್ನು ದಾಟಿ ಬಂದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ಈ ಎರಡು ಊರುಗಳ ಸುತ್ತಮುತ್ತಲೇ ನಮಗೆ ಬೇಕಾದ ಉದಾಹರಣೆಗಳು ಸಿಕ್ಕವು. ಒಂದು ಉದಾಹರಣೆ ಮಾತ್ರ ಸಂಡೂರಿನದು. ಅದು ಎಂಜಿನಿಯರ್ ಒಬ್ಬರದ್ದೇ ಆದ್ದರಿಂದ ಬಿಡಲು ಮನಸ್ಸಾಗಲಿಲ್ಲ.

1. ನಮಗೆ ಇಷ್ಟವಿರೋದು ವಸ್ತುವೋ, ಕೆಲಸವೋ?

ಮೊದಲು ರೇಷ್ಮೆಯನ್ನೇ ತಗೊಳ್ಳಿ. ಮೈಸೂರು ರೇಷ್ಮೆ ಅಂದ್ರೆ ನಮ್ಮ ಕಣ್ಣ ಮುಂದೆ ಬರೋದು ಅಂಗಡಿಯ ಗಾಜಿನ ಹಿಂದಿರೋ ಸೀರೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಇವತ್ತು ಅದನ್ನು ನಡೆಸೋದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದ್ರೆ ಕೆಎಸ್‌ಐಸಿ. ಆ ಸೀರೆಗೆ ಬೇಕಾದ ನೂಲು ತೆಗೆಯೋ ನಿಗಮದ ಕಾರ್ಖಾನೆ ಇರೋದು ನಮ್ಮ ತಿ.ನರಸೀಪುರದಲ್ಲಿ. ಊರಲ್ಲಿ ಎಲ್ಲರೂ ಅದನ್ನು ಫಿಲೇಚರ್ ಅಂತಲೇ ಕರೆಯೋದು.

ಅಲ್ಲಿಯ ಕೆಲಸ ಅಂಗಡಿಯ ಗಾಜಿನ ಹಾಗೆ ಹೊಳೆಯಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲ ಮಾಡಬೇಕು. ಎಳೆಯ ತುದಿ ಹುಡುಕಬೇಕು. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದ ಇರುತ್ತೆ, ಆದರೆ ಒಂದೇ ಎಳೆಯಿಂದ ನೇಯಲು ಆಗಲ್ಲ. ಹಲವು ಗೂಡುಗಳ ಎಳೆ ಕೂಡಿಸಿ ನೂಲು ಮಾಡಬೇಕು, ಒಂದು ಎಳೆ ಕಡಿದ ತಕ್ಷಣ ಇನ್ನೊಂದನ್ನು ಹಚ್ಚಬೇಕು, ಆಮೇಲೆ ಹುರಿ ಮಾಡಬೇಕು. ಬೆಂದ ಹುಳುವಿನ ವಾಸನೆ ಇರುತ್ತೆ, ಕೈಗೆ ದಿನವಿಡೀ ನೀರು, ಹಬೆ. ಇದೆಲ್ಲ ಆದ ಮೇಲೆ ಮೈಸೂರಿನ ಮಗ್ಗ, ಬಣ್ಣ, ಜರಿ.

ಹಾಗಾಗಿ ‘ನಂಗೆ ರೇಷ್ಮೆ ಅಂದ್ರೆ ಇಷ್ಟ’ ಅನ್ನೋ ಮಾತಿಗೆ ಮರುಪ್ರಶ್ನೆ ಹೀಗಿರಬೇಕು: ಇದರಲ್ಲಿ ಯಾವ ಕೆಲಸವನ್ನು ದಿನಾ ಎಂಟು ಗಂಟೆ ಮಾಡೋಕೆ ನಿನಗೆ ಇಷ್ಟ? ಬಾಯ್ಲರ್ ನೋಡ್ಕೊಳ್ಳೋದಾ, ನೂಲಿನ ಗುಣಮಟ್ಟ ಅಳೆಯೋದಾ, ಮಗ್ಗದ ರಿಪೇರಿಯಾ, ವಿನ್ಯಾಸವಾ, ಮಾರಾಟವಾ? ಸೀರೆ ಉಡೋದು ಇಷ್ಟವಾದರೆ ಸೀರೆ ಕೊಂಡರೆ ಸಾಕು, ಕೆಲಸ ಬಿಡಬೇಕಾಗಿಲ್ಲ. ಮಗ್ಗದ ಮುಂದೆ ನಿಂತಾಗ ಹೊತ್ತು ಹೋಗಿದ್ದೇ ಗೊತ್ತಾಗದಿದ್ದರೆ ಮಾತ್ರ ಮುಂದಿನ ಪಾಠ ಓದಿ.

ಇದರಲ್ಲಿ ಒಂದು ಒಳ್ಳೆ ಸುದ್ದಿಯೂ ಇದೆ. ಕ್ಷೇತ್ರವನ್ನು ಹೀಗೆ ಕೆಲಸಗಳಾಗಿ ಬಿಡಿಸಿ ನೋಡಿದಾಗ ಎಷ್ಟೋ ಸಲ ನಮ್ಮ ಬ್ರಾಂಚ್‌ಗೇ ಒಂದು ಬಾಗಿಲು ಕಾಣಿಸುತ್ತೆ. ಮೆಕ್ಯಾನಿಕಲ್‌ನವಳು ರೇಷ್ಮೆಗೆ ಹೋಗಲು ಮೆಕ್ಯಾನಿಕಲ್ ಮರೆಯಬೇಕಾಗಿಲ್ಲ. ಕನ್ನಡ ಅಕ್ಷರ ಲೋಕಕ್ಕೆ ಕಂಪ್ಯೂಟರ್ ವಿದ್ಯೆ ಹೊತ್ತು ಬಂದ ಕೆ.ಪಿ.ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಈ ಲೇಖನವನ್ನು ನಾವು ಇಷ್ಟು ಸಲೀಸಾಗಿ ಟೈಪ್ ಮಾಡ್ತಾನೇ ಇರಲಿಲ್ಲ.

2. ಒಳಗೆ ಹೋದವರಿಗೆ ಮಾತ್ರ ಕಾಣೋ ಸಮಸ್ಯೆ: ಚೌಡಯ್ಯನವರ ಏಳು ತಂತಿ

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ನೋಡಿರುತ್ತೀರಿ. ಆ ಚೌಡಯ್ಯ ನಮ್ಮ ತಿರುಮಕೂಡಲಿನವರು, 1895ರಲ್ಲಿ ಹುಟ್ಟಿದವರು. ಅವರು ವೃತ್ತಿ ಬದಲಿಸಿದವರಲ್ಲ, ಹುಡುಗನಾಗಿದ್ದಾಗಲೇ ಸಂಗೀತಕ್ಕೆ ಬಂದವರು. ಆದರೂ ಅವರನ್ನು ಇಲ್ಲಿ ತರಲು ಕಾರಣ ಇದೆ. ಒಂದು ಕ್ಷೇತ್ರದ ಒಳಗಿರೋದು ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಎಂಜಿನಿಯರಿಂಗ್ ಉದಾಹರಣೆ ನಮಗೆ ಸಿಗಲಿಲ್ಲ.

ಮೈಸೂರಿನ ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರ ಹತ್ತಿರ ವರ್ಷಗಟ್ಟಲೆ ಕಟ್ಟುನಿಟ್ಟಿನ ಶಿಷ್ಯವೃತ್ತಿ ಮಾಡಿದ ಮೇಲೆ ಚೌಡಯ್ಯ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರ್ ಜೊತೆಗಿನ ಅವರ ಜೋಡಿ ಹೆಸರುವಾಸಿ. ಆಗ ಈಗಿನ ಹಾಗೆ ಸಭೆ ಸಭೆಗೂ ಮೈಕ್ ಇರಲಿಲ್ಲ. ತುಂಬಿದ ಸಭೆಯಲ್ಲಿ ಕೊನೆಯ ಸಾಲಿನವರಿಗೆ ಪಿಟೀಲು ಕೇಳಿಸ್ತಾನೇ ಇರಲಿಲ್ಲ. ಇದನ್ನು ಸಭೆಯಲ್ಲಿ ಕೂತ ರಸಿಕ ‘ಇವತ್ತು ಪಿಟೀಲು ಸರಿಯಾಗಿ ಕೇಳಲಿಲ್ಲ’ ಅಂತ ಹೇಳಿ ಮನೆಗೆ ಹೋಗಬಹುದು. ವಾದ್ಯ ಹಿಡಿದವರಿಗೆ ಅದು ಬಗೆಹರಿಸಬೇಕಾದ ಲೆಕ್ಕ. ಚೌಡಯ್ಯ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು.

ಇದನ್ನು ನಮ್ಮ ಲ್ಯಾಬ್ ಕಣ್ಣಿನಿಂದ ನೋಡಿ. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಸ-ಪ-ಸ-ಪ ಅಂತ ಶ್ರುತಿ ಮಾಡ್ತಾರೆ. ಒಂದು ತಂತಿಯ ಪಕ್ಕದಲ್ಲಿ ಅದೇ ಸ್ವರವನ್ನು ಒಂದು ಸ್ಥಾಯಿ ಅಂತರದಲ್ಲಿ ನುಡಿಯೋ ಜೊತೆ ತಂತಿ ಇಟ್ಟರೆ, ಒಂದರ ಆವರ್ತನ ಇನ್ನೊಂದರ ಎರಡರಷ್ಟು. ಎರಡೂ ಒಟ್ಟಿಗೆ ನುಡಿದಾಗ ನಾದ ತುಂಬಿಕೊಂಡ ಹಾಗೆ ಕೇಳುತ್ತೆ. ಆದರೆ ತಂತಿ ಎರಡಾದರೆ ದನಿಯೂ ಎರಡು ಪಟ್ಟು ಅಂತ ಲೆಕ್ಕ ಹಾಕಬೇಡಿ. ಶಕ್ತಿ ಎರಡು ಪಟ್ಟಾದರೂ ಏರೋದು ಸುಮಾರು 3 ಡೆಸಿಬೆಲ್ ಮಾತ್ರ. ಅಷ್ಟು ಲಾಭಕ್ಕೆ ತೆರಬೇಕಾದ ಬೆಲೆ ದೊಡ್ಡದು. ತಂತಿ ಹೆಚ್ಚಿದ ಹಾಗೆ ಎಳೆತ ಹೆಚ್ಚಿ ಕುದುರೆಯ ಮೇಲೆ ಭಾರ ಬೀಳುತ್ತೆ. ನಾಲ್ಕು ಬಿರಡೆ ಬದಲು ಏಳನ್ನು ಶ್ರುತಿಯಲ್ಲಿ ಇಡಬೇಕು. ಒಂದೇ ಬೆರಳಲ್ಲಿ ಎರಡು ತಂತಿಯನ್ನು ಸಮನಾಗಿ ಒತ್ತಬೇಕು, ಸ್ವಲ್ಪ ಜಾರಿದರೂ ಅಪಸ್ವರ. ಕಮಾನು ಪಕ್ಕದ ಜೋಡಿಗೆ ತಾಗಬಾರದು. ಇಷ್ಟೆಲ್ಲ ಕೈಗೆ ಬರಬೇಕಾದರೆ ಹಳೆಯ ನಾಲ್ಕು ತಂತಿ ಮೊದಲೇ ಚೆನ್ನಾಗಿ ಒಲಿದಿರಬೇಕು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಬಂತು. 1967ರಲ್ಲಿ ತೀರಿಕೊಂಡರು.

ನಮಗೆ ಇದರಿಂದ ತೋರಿದ್ದು ಇಷ್ಟು. ಬೇರೆ ಕ್ಷೇತ್ರಕ್ಕೆ ಹೋಗಬೇಕು ಅನ್ನೋರು ‘ನಾನು ಹೋಗಿ ಏನೋ ಹೊಸತು ಮಾಡ್ತೀನಿ’ ಅಂತ ಹೊರಡ್ತಾರೆ. ಹೊಸತು ಬೇಕಾಗಿರೋದು ಎಲ್ಲಿ ಅನ್ನೋದು ಹೊರಗಿನಿಂದ ಕಾಣಲ್ಲ. ಮೊದಲ ಕೆಲವು ವರ್ಷ ಪಕ್ಕವಾದ್ಯ ನುಡಿಸೋಕೆ ಒಪ್ಪಿಕೊಳ್ಳಬೇಕು. ಇಲ್ಲಿ ಟೀಮ್ ಲೀಡ್ ಆಗಿದ್ದವರು ಅಲ್ಲಿ ಮತ್ತೆ ಟ್ರೈನಿ. ಸಂಬಳಕ್ಕಿಂತ ಇದೇ ಹೆಚ್ಚು ಕಷ್ಟ ಅಂತ ನಮಗೆ ಅನ್ಸುತ್ತೆ.

3. ಬಾಗಿಲೇ ಇಲ್ಲದಿದ್ದಾಗ: ನಂಜನಗೂಡು ತಿರುಮಲಾಂಬಾ

ಇನ್ನು ನಂಜನಗೂಡಿಗೆ ಬನ್ನಿ. 1887ರಲ್ಲಿ ಅಲ್ಲಿ ಹುಟ್ಟಿದ ತಿರುಮಲಾಂಬಾ ಅವರಿಗೆ ಬಾಲ್ಯದಲ್ಲೇ ಮದುವೆ, 14ನೇ ವಯಸ್ಸಿಗೆ ವೈಧವ್ಯ. ಆ ಕಾಲದ ಮನೆಗಳಲ್ಲಿ ಅಂಥ ಹುಡುಗಿಯ ಮುಂದಿನ ಬದುಕು ಹೇಗಿರಬೇಕು ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಟ್ಟಿರ್ತಿದ್ದರು. ಆದರೆ ಇವರ ತಂದೆ ಓದಿಗೆ ಒತ್ತಾಸೆಯಾಗಿ ನಿಂತರು. ಓದು ಬರವಣಿಗೆಯಾಯಿತು. 1913ರಲ್ಲಿ ‘ಸುಶೀಲೆ’ ಕಾದಂಬರಿ ಪ್ರಕಟವಾಯಿತು. ಬರೆದದ್ದನ್ನು ಯಾರಾದರೂ ಪ್ರಕಟಿಸಲಿ ಅಂತ ಕಾಯದೆ ‘ಸತೀಹಿತೈಷಿಣೀ’ ಅನ್ನೋ ಗ್ರಂಥಮಾಲೆಯನ್ನೇ ಶುರು ಮಾಡಿದರು. ಮುಂದೆ ‘ಕರ್ಣಾಟಕ ನಂದಿನಿ’ ಅನ್ನೋ ಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಮಹಿಳಾ ಪ್ರಕಾಶಕಿ, ಪತ್ರಕರ್ತೆ ಅಂತ ಇವತ್ತು ಅವರನ್ನು ನೆನೆಯುತ್ತಾರೆ. ಬೆಂಗಳೂರಿನ ಶಾಶ್ವತಿ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತೆ.

ಒಂದು ಪತ್ರಿಕೆ ನಡೆಸೋದು ಅಂದ್ರೆ ಏನೇನು ಅಂತ ನಮ್ಮ ಸಂಘದವರಿಗೆ ಸ್ವಲ್ಪ ಗೊತ್ತು. ಲೇಖನ ಕೇಳಬೇಕು, ಮತ್ತೆ ಮತ್ತೆ ನೆನಪಿಸಬೇಕು, ಕರಡು ತಿದ್ದಬೇಕು. ನಮಗೆ ಇರೋದು ಇಂಟರ್‌ನೆಟ್. ಅವರ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸಿದ ಪುಟ, ಕಾಗದದ ಖರ್ಚು, ಅಂಚೆ, ಚಂದಾದಾರರು. ಬರೆಯೋದನ್ನು ಪ್ರೀತಿಸಿದ್ದಕ್ಕೆ ಇಷ್ಟನ್ನೂ ಹೊತ್ತುಕೊಂಡರು. ಹೊರಗೆ ಕೆಲಸಕ್ಕೆ ಹೋಗೋ ದಾರಿಯೇ ಮುಚ್ಚಿದ್ದ ಕಾಲದಲ್ಲಿ ಅವರು ದಾಟಿದ್ದು ನಮ್ಮ ಯಾವ ‘ಕೆರಿಯರ್ ಸ್ವಿಚ್’ಗಿಂತಲೂ ದೊಡ್ಡ ದೂರ.

ಅದೇ 1913ರಲ್ಲಿ, ಅದೇ ನಂಜನಗೂಡಿನಲ್ಲಿ, ಆಯುರ್ವೇದ ಕಲಿತ ಬಿ.ವಿ.ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿದರು. ವೈದ್ಯರ ವಿದ್ಯೆಯನ್ನು ತಯಾರಿಕೆಗೆ ತಿರುಗಿಸಿದ ಉದಾಹರಣೆ ಇದು. ನಂಜನಗೂಡು ಹಲ್ಲುಪುಡಿಯ ಗುಲಾಬಿ ಬಣ್ಣವನ್ನು ನಿಮ್ಮ ಮನೆಯ ಅಜ್ಜಿಯನ್ನು ಕೇಳಿದರೆ ಹೇಳ್ತಾರೆ. ಅದಕ್ಕೆ ಬಳಸಿದ್ದು ಭತ್ತದ ಹೊಟ್ಟಿನ ಬೂದಿ. ಭತ್ತದ ಸೀಮೆಯಲ್ಲಿ ಎಲ್ಲರ ಕಣ್ಣ ಮುಂದೆ ಬಿದ್ದಿದ್ದ ವಸ್ತು.

4. ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರು: ವಸುಧೇಂದ್ರ

ಪುಸ್ತಕದ ಮಾತು ಬಂದದ್ದರಿಂದ ಸಂಡೂರಿನ ವಸುಧೇಂದ್ರ ಅವರನ್ನು ನೋಡೋಣ. 1969ರಲ್ಲಿ ಹುಟ್ಟಿದವರು. ಸುರತ್ಕಲ್‌ನಲ್ಲಿ ಬಿ.ಇ., ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ., ಆಮೇಲೆ ಸುಮಾರು 20 ವರ್ಷ ಸಾಫ್ಟ್‌ವೇರ್ ಕೆಲಸ. ನಮ್ಮ ಅಪ್ಪ ಅಮ್ಮ ‘ಹೀಗಿರಬೇಕು’ ಅಂತ ತೋರಿಸೋ ದಾರಿಯೇ ಅದು. ಅವರು ಕೆಲಸದಲ್ಲಿದ್ದಾಗಲೇ ಕಥೆ ಬರೆದರು, ‘ಛಂದ ಪುಸ್ತಕ’ ಪ್ರಕಾಶನ ಕಟ್ಟಿ ಹೊಸಬರ ಪುಸ್ತಕ ತಂದರು. ಆಮೇಲೆ ಸಾಫ್ಟ್‌ವೇರ್ ಬಿಟ್ಟು ಪೂರ್ತಿ ಬರವಣಿಗೆ, ಪ್ರಕಾಶನಕ್ಕೆ ಬಂದರು. 2013ರ ‘ಮೋಹನಸ್ವಾಮಿ’, 2019ರ ‘ತೇಜೋ ತುಂಗಭದ್ರಾ’ ನಮ್ಮ ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡೋ ಪುಸ್ತಕಗಳು.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಬರೆದು, ಪ್ರಕಟಿಸಿ ನೋಡಿದರು. ರಾಜೀನಾಮೆ ಕೊನೆಗೆ ಬಂತು. ಸಿನಿಮಾದಲ್ಲಾದರೆ ಐಡಿ ಕಾರ್ಡ್ ಬಿಸಾಕಿ ಹೊರಗೆ ನಡೆಯೋ ದೃಶ್ಯ ಮೊದಲು ಬರುತ್ತೆ. ಬದುಕಿನಲ್ಲಿ ಆ ದೃಶ್ಯಕ್ಕೆ ಮುಂಚೆ ಎಷ್ಟೋ ವರ್ಷದ ಶನಿವಾರ, ಭಾನುವಾರಗಳು ಹೋಗಿರುತ್ತವೆ.

ಪುಸ್ತಕದ ಮೇಲಿನ ಪ್ರೀತಿ ಮತ್ತು ಪುಸ್ತಕದ ವ್ಯಾಪಾರ ಹೇಗೆ ಬೇರೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡವು. 1,000 ಪ್ರತಿ ಅಚ್ಚು ಹಾಕಿಸಿ, ಪ್ರತಿಗೆ 80 ರೂಪಾಯಿ ಖರ್ಚು ಅಂದ್ರೆ 80,000 ರೂಪಾಯಿ ಮೊದಲೇ ಕೈಬಿಟ್ಟಿತು. ಬೆಲೆ 200 ರೂಪಾಯಿ. ಅಂಗಡಿಯವರಿಗೆ ಶೇಕಡಾ 40 ರಿಯಾಯಿತಿ ಕೊಟ್ಟರೆ ಬರೋದು 120. ಲೇಖಕರಿಗೆ ಶೇಕಡಾ 10 ಗೌರವಧನ, 20 ರೂಪಾಯಿ. ಉಳಿದದ್ದು 100. ಹಾಕಿದ ದುಡ್ಡು ವಾಪಸ್ ಬರಬೇಕಾದರೆ 800 ಪ್ರತಿ ಮಾರಾಟವಾಗಬೇಕು. ಲಾಭ ಏನಿದ್ದರೂ ಕೊನೆಯ 200 ಪ್ರತಿಗಳಲ್ಲಿ. ಅದೂ ಎಷ್ಟು ತಿಂಗಳಿಗೆ? ಅಷ್ಟರಲ್ಲಿ ಮುಂದಿನ ಪುಸ್ತಕಕ್ಕೆ ದುಡ್ಡು ಎಲ್ಲಿಂದ? ಈ ಪ್ರಶ್ನೆ ಕೇಳಿದಾಗ ನಿಮಗೆ ಬೇಜಾರಾಯಿತಾ, ಅಥವಾ ‘ಹಾಗಾದ್ರೆ ಅಂಗಡಿ ಬಿಟ್ಟು ನೇರ ಓದುಗರಿಗೇ ಮಾರಿದರೆ?’ ಅಂತ ತಲೆ ಓಡಿತಾ? ಎರಡನೆಯದಾದರೆ ನೀವು ಪುಸ್ತಕದ ಉದ್ಯಮಕ್ಕೆ ಆಗುವವರು. ಮೊದಲನೆಯದಾದರೆ ಒಳ್ಳೆಯ ಓದುಗರಾಗಿ ಇರಿ, ಅದೂ ಚಿಕ್ಕ ಕೆಲಸವಲ್ಲ.

5. ದಾಟಲು ಆಗದೇ ಹೋದರೆ: ಕಿರುಗಾವಲಿನ ಭತ್ತ

ತಿ.ನರಸೀಪುರ ತಾಲ್ಲೂಕಿನ ಬನ್ನೂರು ದಾಟಿ ಮಳವಳ್ಳಿ ಕಡೆ ಹೋದರೆ ಮಂಡ್ಯ ಜಿಲ್ಲೆಯ ಕಿರುಗಾವಲು ಸಿಗುತ್ತೆ. ಅಲ್ಲಿಯ ಸೈಯದ್ ಘನಿ ಖಾನ್ ಅವರಿಗೆ ಆಸೆ ಇದ್ದದ್ದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡೋದು. ಮನೆಯ ಪರಿಸ್ಥಿತಿಯಿಂದ ಜಮೀನು ನೋಡಿಕೊಳ್ಳಬೇಕಾಯಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತೆ. ಅವರು ಮರೆಯಾಗುತ್ತಿದ್ದ ಭತ್ತದ ತಳಿಗಳನ್ನು ಹುಡುಕಿ ತಂದು, ಬೆಳೆದು, ಹೆಸರು ಬರೆದು ಜೋಡಿಸಿಟ್ಟರು. ಈಗ ನೂರಾರು ತಳಿಗಳ ಭತ್ತದ ಮ್ಯೂಸಿಯಂ ಅವರ ಊರಲ್ಲೇ ಇದೆ. ಅವರ ಮಾವಿನ ತೋಪಿನಲ್ಲೂ ಹಳೆಯ ತಳಿಗಳಿವೆ. ಸಂಗ್ರಹಿಸೋದು, ವಿಂಗಡಿಸೋದು, ಬಂದವರಿಗೆ ವಿವರಿಸೋದು ಅನ್ನೋ ಮ್ಯೂಸಿಯಂ ಕೆಲಸವನ್ನು ಗದ್ದೆಗೇ ತಂದರು.

ಮೊದಲ ಪಾಠದ ಪ್ರಶ್ನೆಗೆ ಇದು ಇನ್ನೊಂದು ಉತ್ತರ. ಅವರಿಗೆ ಇಷ್ಟವಿದ್ದದ್ದು ಒಂದು ಕೆಲಸ, ಕಟ್ಟಡವಲ್ಲ. ಹಾಗಾಗಿ ಇದ್ದ ಜಾಗದಲ್ಲೇ ಅದನ್ನು ಮಾಡಲು ಆಯಿತು. ನಮ್ಮ ಇಷ್ಟದ ಕ್ಷೇತ್ರಕ್ಕೆ ಹೋಗಲು ಆಗದಿದ್ದರೂ ಅದರ ಕೆಲಸವನ್ನು ನಾವಿರೋ ಕಡೆ ತರಬಹುದಾ ಅಂತ ಒಮ್ಮೆ ಯೋಚಿಸಬೇಕು.

6. ಎಲ್ಲರಿಗೂ ಒಂದೇ ಲೆಕ್ಕ ಅಲ್ಲ

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರೋಣ: ದುಡ್ಡು. ಇಲ್ಲೂ ಅಂಕಿ ನಾವೇ ಇಟ್ಟುಕೊಂಡದ್ದು. ಕೈಗೆ ಬರೋ ಸಂಬಳ ತಿಂಗಳಿಗೆ 30,000 ರೂಪಾಯಿ. ರೂಮು, ಊಟ, ಬಸ್ಸು, ಎಜುಕೇಶನ್ ಲೋನ್ ಕಂತು ಸೇರಿ ಖರ್ಚು 18,000. ಉಳಿದದ್ದು 12,000. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಆದಾಯ ಇಲ್ಲದೆ ಬದುಕಲು ಬೇಕಾದ್ದು 2,16,000. ಅದನ್ನು ಕೂಡಿಡಲು 18 ತಿಂಗಳು.

ಈಗ ಅದೇ ಸಂಬಳದಲ್ಲಿ ಮನೆಗೆ ತಿಂಗಳಿಗೆ 5,000 ಕಳಿಸಬೇಕು ಅಂದುಕೊಳ್ಳಿ. ಉಳಿತಾಯ 7,000ಕ್ಕೆ ಇಳಿಯಿತು. ಕೆಲಸ ಬಿಟ್ಟರೂ ಮನೆಗೆ ಕಳಿಸೋದು ನಿಲ್ಲಬಾರದಲ್ಲ? ಹಾಗಾಗಿ ವರ್ಷಕ್ಕೆ ಬೇಕಾದ್ದು 2,76,000. ಕೂಡಿಡಲು ಸುಮಾರು 40 ತಿಂಗಳು. ಒಂದೇ ತರಗತಿ, ಒಂದೇ ಸಿಜಿಪಿಎ, ಒಂದೇ ಕನಸು ಇರೋ ಇಬ್ಬರಲ್ಲಿ ಒಬ್ಬರಿಗೆ ಒಂದೂವರೆ ವರ್ಷ, ಇನ್ನೊಬ್ಬರಿಗೆ ಮೂರು ವರ್ಷದ ಮೇಲೆ. ‘ನಿಜವಾಗ್ಲೂ ಇಷ್ಟ ಇದ್ರೆ ಯಾವತ್ತೋ ಬಿಟ್ಟು ಹೋಗ್ತಿದ್ದೆ’ ಅಂತ ಗೆಳೆಯರನ್ನು ಚುಚ್ಚೋ ಮುಂಚೆ ಈ ವ್ಯತ್ಯಾಸ ನೆನಪಿರಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮೂರು ಪಾಳಿಯಲ್ಲಿ ದುಡಿಯೋ ಅಪ್ಪಂದಿರ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರು ನಿಧಾನ ಮಾಡಿದರೆ ಅದು ಪುಕ್ಕಲುತನ ಅಲ್ಲ.

ಮನೆಯಲ್ಲಿ ಮಾತಾಡೋಕೂ ಈ ಲೆಕ್ಕವೇ ಸಹಾಯ ಮಾಡುತ್ತೆ. ‘ನಂಗೆ ಈ ಕೆಲಸ ಇಷ್ಟ ಇಲ್ಲ’ ಅಂದ್ರೆ ಅಮ್ಮನಿಗೆ ಹೆದರಿಕೆ ಮಾತ್ರ ಕೇಳಿಸುತ್ತೆ. ‘ಇಷ್ಟು ತಿಂಗಳು ದುಡಿತೀನಿ, ಇಷ್ಟು ಕೂಡಿಡ್ತೀನಿ, ಲೋನ್ ಕಂತು ತಪ್ಪಲ್ಲ, ಒಂದು ವರ್ಷ ನೋಡ್ತೀನಿ, ಆಗದಿದ್ದರೆ ವಾಪಸ್ ಬರ್ತೀನಿ’ ಅಂದ್ರೆ ಅದು ಅವರು ಕೂತು ಚರ್ಚೆ ಮಾಡಬಹುದಾದ ಮಾತು.

7. ಅಭ್ಯಾಸ

ಈ ಪಾಠಕ್ಕೆ ಪರೀಕ್ಷೆ ಇಲ್ಲ. ಆದರೆ ಮುಂದಿನ ಸೆಮಿಸ್ಟರ್ ಮುಗಿಯೋದರೊಳಗೆ ಮಾಡಬಹುದಾದ ನಾಲ್ಕು ಕೆಲಸ ಇಲ್ಲಿವೆ. ನಾವೂ ಮಾಡಲು ಒಪ್ಪಿಕೊಂಡಿದ್ದೇವೆ.

ಒಂದು: ನಿಮಗೆ ಇಷ್ಟದ ಕ್ಷೇತ್ರವನ್ನು ಹತ್ತು ಬೇರೆ ಬೇರೆ ಕೆಲಸಗಳಾಗಿ ಬಿಡಿಸಿ ಬರೆಯಿರಿ. ಹತ್ತು ಬರೆಯಲು ಆಗದಿದ್ದರೆ ಆ ಕ್ಷೇತ್ರ ನಿಮಗೆ ಇನ್ನೂ ಗೊತ್ತಿಲ್ಲ ಅಂತ ಅರ್ಥ. ಅದೂ ಒಂದು ಫಲಿತಾಂಶವೇ.

ಎರಡು: ಅದರಲ್ಲಿ ಒಂದು ಕೆಲಸ ಮಾಡುವವರನ್ನು ಭೇಟಿ ಮಾಡಿ. ‘ನಿಮ್ಮ ಯಶಸ್ಸಿನ ಗುಟ್ಟೇನು’ ಅಂತ ಕೇಳಬೇಡಿ. ‘ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ ಸರ್’ ಅಂತ ಕೇಳಿ.

ಮೂರು: ಆ ಕ್ಷೇತ್ರದ ಅತಿ ಬೇಸರದ ಕೆಲಸವನ್ನು ಒಂದು ತಿಂಗಳು ಮಾಡಿ ನೋಡಿ. ಪುಸ್ತಕ ಇಷ್ಟ ಅನ್ನೋರಿಗೆ ನಮ್ಮ ಸಂಘದಲ್ಲೇ ಜಾಗ ಇದೆ. ಕರಡು ತಿದ್ದುವವರು ನಮಗೆ ಯಾವಾಗಲೂ ಕಡಿಮೆ.

ನಾಲ್ಕು: ಮೇಲಿನ 18 ತಿಂಗಳು, 40 ತಿಂಗಳ ಲೆಕ್ಕವನ್ನು ನಿಮ್ಮ ಮನೆಯ ಅಂಕಿಗಳಿಂದ ಮಾಡಿ. ಉತ್ತರ ಎಷ್ಟೇ ಬರಲಿ, ಆ ಹಾಳೆಯನ್ನು ಜೋಪಾನವಾಗಿಡಿ. ‘ಆಮೇಲೆ ನೋಡೋಣ’ ಅನ್ನೋ ಮಾತಿಗೆ ಒಂದು ತಿಂಗಳು, ಒಂದು ವರ್ಷ ಅಂತ ದಿನಾಂಕ ಸಿಕ್ಕಿರುತ್ತೆ.

ನಾಲ್ಕನ್ನೂ ಮಾಡಿದ ಮೇಲೆ ‘ನನ್ನ ಬ್ರಾಂಚೇ ನನಗೆ ಸರಿ’ ಅನ್ನಿಸಬಹುದು. ಅದರಲ್ಲಿ ಸೋಲೇನಿಲ್ಲ. ದಾಟಬೇಕು ಅಂತ ಅನ್ನಿಸಿದರೆ ನಮಗೆ ಬರೆದು ತಿಳಿಸಿ. ಬರೋ ಸಂಚಿಕೆಯಲ್ಲಿ ನಿಮ್ಮ ಹತ್ತು ಕೆಲಸಗಳ ಪಟ್ಟಿ ಪ್ರಕಟಿಸೋಣ. ಅದೇ ದಾರಿ ಹುಡುಕ್ತಿರೋ ಇನ್ನೊಬ್ಬರು ಪಕ್ಕದ ಕ್ಲಾಸ್‌ನಲ್ಲೇ ಕೂತಿರಬಹುದು.